ಹಳೆಯ ತಟ್ಟೆ ಸವೆಯದ ಹಾಗೆ ಕೈಯಲ್ಲಿ ತಿರುಗಿಸುವುದು: ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ7 ಮತ್ತು ಮಿಕ್ಸ್ ತಂತ್ರಾಂಶ

ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ7 ಟರ್ನ್‌ಟೇಬಲ್‌ಗಳ (ಹಾಡಿನ ತಟ್ಟೆ ತಿರುಗಿಸುವ ಯಂತ್ರಗಳ) ಒಂದು ಜೋಡಿಯನ್ನು ಬೆಂಗಳೂರಿನ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡು, ಮಿಕ್ಸ್ ಎಂಬ ಉಚಿತ ಡಿಜೆ ತಂತ್ರಾಂಶದ ಜೊತೆಗೆ ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ನಾನು ವೃತ್ತಿಯ ಡಿಜೆ ಅಲ್ಲ. ವಾರದಲ್ಲಿ ಮೂರು ನಾಲ್ಕು ಸಂಜೆ ಕೆಲಸ ಮುಗಿಸಿ ಬಂದು, ಎರಡು ಹಾಡುಗಳ ಲಯವನ್ನು ಕೈಯಿಂದ ಕೂಡಿಸುವ ಈ ಹವ್ಯಾಸಕ್ಕೆ ಕುಳಿತರೆ ಊಟದ ಹೊತ್ತು ಮೀರುವುದುಂಟು. ಇವನ್ನು ಕೊಳ್ಳುವುದಕ್ಕೆ ಮೂಲ ಕಾರಣ ತೀರ್ಥಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪ ನನ್ನ ವಶಕ್ಕೆ ಕೊಟ್ಟ ಒಂದು ಟ್ರಂಕು. ಅದರಲ್ಲಿ 1970ರ ದಶಕದ ಕನ್ನಡ ಚಿತ್ರಗೀತೆಗಳ ಏಳಿಂಚಿನ ಗ್ರಾಮಫೋನ್ ತಟ್ಟೆಗಳು, ಕೆಲವು ಎಲ್‌ಪಿಗಳು, ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು ಇದ್ದವು. ಈ ಹಾಡುಗಳನ್ನು ಬರೀ ಕೇಳುವುದಷ್ಟೇ ಅಲ್ಲದೆ ಕೈಯಲ್ಲಿ ನುಡಿಸಲೂ ಬೇಕು, ಆದರೆ ತಟ್ಟೆಗಳು ಹಾಳಾಗಲೂಬಾರದು ಎಂಬ ಎರಡು ಆಸೆಗಳು ಒಂದಕ್ಕೊಂದು ವಿರುದ್ಧವಾದವು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಈ ಯಂತ್ರ ಮತ್ತು ಈ ತಂತ್ರಾಂಶ ಸೇರಿ ಆ ಎರಡನ್ನೂ ಸಾಧ್ಯವಾಗಿಸಿದ ಬಗೆಯನ್ನು, ಅವುಗಳ ಕೊರತೆಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಮಾತನ್ನು ಅದರ ಮೋಟಾರಿನಿಂದಲೇ ಶುರುಮಾಡಬೇಕು. ಹಾಡು ಕೇಳುವುದಕ್ಕೆಂದು ಮಾಡಿದ ಬಹಳಷ್ಟು ಟರ್ನ್‌ಟೇಬಲ್‌ಗಳಲ್ಲಿ ಮೋಟಾರು ಒಂದು ಪಕ್ಕದಲ್ಲಿದ್ದು, ರಬ್ಬರಿನ ಬೆಲ್ಟಿನ ಮೂಲಕ ಪ್ಲ್ಯಾಟರನ್ನು, ಎಂದರೆ ತಟ್ಟೆ ಕೂರುವ ದುಂಡು ಪೀಠವನ್ನು, ತಿರುಗಿಸುತ್ತದೆ. ಕೇಳುವವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ, ಹಿಂದಕ್ಕೆಳೆದು, ತಾಳ ಬೀಳುವ ಕ್ಷಣಕ್ಕೆ ಬಿಟ್ಟರೆ ಬೆಲ್ಟು ಜಾರಿ ವೇಗ ಹಿಡಿಯಲು ತಡವಾಗುತ್ತದೆ. ಟೆಕ್ನಿಕ್ಸ್ ಹೆಸರಿನ ಒಡೆಯರಾದ ಜಪಾನಿನ ಮತ್ಸುಷಿತ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಶುಯಿಚಿ ಒಬಾತಾ ಅವರು ಬೆಲ್ಟನ್ನೇ ತೆಗೆದುಹಾಕಿ, ಪ್ಲ್ಯಾಟರಿನ ಅಚ್ಚನ್ನೇ ಮೋಟಾರಿನ ಅಚ್ಚಾಗಿಸಿದ ಡೈರೆಕ್ಟ್ ಡ್ರೈವ್ ವಿಧಾನವನ್ನು ರೂಪಿಸಿದರು. ಅದೇ ವಿಧಾನದ ಎಸ್‌ಎಲ್-1200 ಬಂದದ್ದು 1972ರಲ್ಲಿ, ಮನೆಯಲ್ಲಿ ಸಂಗೀತ ಕೇಳುವವರಿಗೆಂದೇ. ಮರುವರ್ಷ, 1973ರ ಆಗಸ್ಟ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ವಠಾರದ ಸಮಾರಂಭದಲ್ಲಿ ಕೂಲ್ ಹರ್ಕ್ ಎಂಬ ಯುವಕ ಎರಡು ಟರ್ನ್‌ಟೇಬಲ್‌ಗಳನ್ನಿಟ್ಟುಕೊಂಡು ನುಡಿಸಿದ್ದನ್ನು ಹಿಪ್‌ಹಾಪ್‌ನ ಹುಟ್ಟಿನ ದಿನವೆಂದು ಜನ ಎಣಿಸುತ್ತಾರೆ. ಹಾಡಿನಲ್ಲಿ ಬರೀ ತಾಳವಾದ್ಯಗಳು ಉಳಿಯುವ ತುಣುಕುಗಳನ್ನು ಹಿಡಿದು ಬೆಳೆಸುವುದು ಅವರ ರೀತಿ. ಇಂಥ ಬಳಕೆಗೆ ಡೈರೆಕ್ಟ್ ಡ್ರೈವ್ ಹೇಳಿ ಮಾಡಿಸಿದಂತಿತ್ತು. 1979ರ ಎಂಕೆ2 ಮಾದರಿಯಲ್ಲಿ ವೇಗ ಬದಲಿಸಲು ಉದ್ದನೆಯ ಪಿಚ್ ಫೇಡರ್ ಬಂದ ಮೇಲಂತೂ ಅದು ಡಿಜೆಗಳ ಯಂತ್ರವೇ ಆಯಿತು. 2010ರಲ್ಲಿ ಇದರ ತಯಾರಿಕೆ ನಿಂತಿತು. 2016ರಲ್ಲಿ ಹೆಸರು ಮರಳಿತಾದರೂ ಆ ಮಾದರಿಗಳು ಕೇಳುಗರಿಗಾಗಿದ್ದವು, ಬೆಲೆಯೂ ಕೈಗೆಟುಕುವಂತಿರಲಿಲ್ಲ. ಡಿಜೆಗಳಿಗಾಗಿಯೇ ಎಂಕೆ7 ಪ್ರಕಟವಾದದ್ದು 2019ರಲ್ಲಿ.

ಎಂಕೆ7ರ ಪ್ಲ್ಯಾಟರ್ ನಿಂತಲ್ಲಿಂದ ಪೂರ್ಣ ವೇಗಕ್ಕೆ ಬರಲು ಒಂದು ಸೆಕೆಂಡೂ ಬೇಡ. ಇದನ್ನು ಅಂಕಿಯಲ್ಲಿ ಓದುವುದಕ್ಕಿಂತ ಕೈಯಲ್ಲಿ ತಿಳಿಯುವುದು ಸುಲಭ. ಸ್ಲಿಪ್‌ಮ್ಯಾಟಿನ (ತಟ್ಟೆ ಜಾರಲೆಂದು ಅಡಿಗೆ ಹಾಕುವ ನುಣುಪು ಬಟ್ಟೆಯ) ಮೇಲಿರುವ ತಟ್ಟೆಯನ್ನು ಬೆರಳತುದಿಯಲ್ಲಿ ತಡೆದು ಹಿಡಿದಾಗ ಕೆಳಗೆ ಪ್ಲ್ಯಾಟರ್ ಒಂದಿಷ್ಟೂ ತಡವರಿಸದೆ ತಿರುಗುತ್ತಲೇ ಇರುತ್ತದೆ. ಬೆರಳು ಎತ್ತಿದೊಡನೆ ತಟ್ಟೆ ಅದರ ವೇಗವನ್ನು ಹಿಡಿದುಬಿಡುತ್ತದೆ. ನಿಧಾನವಾಗಿ ಮೇಲೇರುವ ಆ ಗುಂಯ್‌ಗುಡುವ ಸದ್ದು ಕೇಳಿಸುವುದೇ ಇಲ್ಲ. ಪ್ಲ್ಯಾಟರಿನ ಅಂಚಿನಲ್ಲಿ ಸಾಲುಸಾಲು ಚುಕ್ಕೆಗಳಿವೆ, ಪಕ್ಕದ ಕೆಂಪು ದೀಪದ ಮಿನುಗಿನಲ್ಲಿ ಅವು ಓಡುವಂತೆಯೋ ನಿಂತಂತೆಯೋ ಕಾಣುತ್ತವೆ. ವೇಗ ಸರಿಯಾಗಿದ್ದರೆ ದೊಡ್ಡ ಚುಕ್ಕೆಗಳ ಸಾಲು ಅಲುಗದೆ ನಿಲ್ಲುತ್ತದೆ. ಬೆರಳನ್ನು ಅಂಚಿಗೆ ಸೋಕಿಸಿದರೆ ಆ ಸಾಲು ಹಿಂದಕ್ಕೆ ಹರಿಯುವುದು, ಬೆರಳು ತೆಗೆದರೆ ಮತ್ತೆ ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಎಷ್ಟು ಒತ್ತಿದರೆ ಲಯ ಎಷ್ಟು ಹಿಂದೆ ಸರಿಯುತ್ತದೆ ಎಂಬ ಅಂದಾಜನ್ನು ನಾನು ಕಲಿತದ್ದು ಈ ಚುಕ್ಕೆಗಳನ್ನು ನೋಡಿಯೇ.

ಪಿಚ್ ಫೇಡರ್ ಎರಡು ವ್ಯಾಪ್ತಿಗಳಲ್ಲಿ ಕೆಲಸ ಮಾಡುತ್ತದೆ: ಶೇಕಡ 8ರಷ್ಟು ಹೆಚ್ಚುಕಡಿಮೆ, ಅಥವಾ ಗುಂಡಿಯೊತ್ತಿದರೆ ಶೇಕಡ 16ರಷ್ಟು. ನಿಮಿಷಕ್ಕೆ 100 ಬಡಿತಗಳ ಹಾಡನ್ನು ಮೊದಲನೆಯದರಲ್ಲಿ 92ರಿಂದ 108ರವರೆಗೆ, ಎರಡನೆಯದರಲ್ಲಿ 84ರಿಂದ 116ರವರೆಗೆ ಒಯ್ಯಬಹುದು. ಶೇಕಡ 8ರಲ್ಲಿಯೇ ಫೇಡರಿನ ಓಟ ಸೂಕ್ಷ್ಮವಾಗಿರುವುದರಿಂದ ನಾನು ಬಹುಪಾಲು ಅದರಲ್ಲೇ ಇರುತ್ತೇನೆ. ಫೇಡರ್ ಎಲ್ಲಿಯೇ ಇರಲಿ, ರೀಸೆಟ್ ಗುಂಡಿ ಒತ್ತಿದರೆ ಮೂಲ ವೇಗಕ್ಕೆ ಬರುತ್ತದೆ. ಹಳೆಯ ತಟ್ಟೆಗಳನ್ನು ಧ್ವನಿಮುದ್ರಿಸಿಕೊಳ್ಳುವಾಗ ಇದೊಂದು ದೊಡ್ಡ ನೆಮ್ಮದಿ. 33 ಮತ್ತು 45ರ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ 78ರ ವೇಗವೂ ಸಿಗುತ್ತದೆ. ಹಿಮ್ಮುಖವಾಗಿ ನುಡಿಸುವ ಸೌಲಭ್ಯ, ತಿರುವಿನ ಬಲ, ನಿಲ್ಲುವ ವೇಗ, ದೀಪದ ಬಣ್ಣ ಇವನ್ನೆಲ್ಲ ಬದಲಿಸಲು ಪುಟ್ಟ ಸ್ವಿಚ್ಚುಗಳಿವೆ. ಆದರೆ ಅವು ಪ್ಲ್ಯಾಟರಿನ ಅಡಿಯಲ್ಲಿವೆ, ಪ್ರತಿ ಸಲವೂ ತಟ್ಟೆ, ಸ್ಲಿಪ್‌ಮ್ಯಾಟು, ಪ್ಲ್ಯಾಟರು ಎಲ್ಲವನ್ನೂ ಎತ್ತಿಡಬೇಕು. ಒಮ್ಮೆ ಹೊಂದಿಸಿಕೊಂಡು ಮರೆತುಬಿಡುವವರಿಗೆ ಇದು ಅಡ್ಡಿಯಲ್ಲ. ಬೇರೆಬೇರೆ ಬಲಗಳನ್ನು ಹೋಲಿಸಿ ನೋಡಬೇಕೆಂದು ನಾನು ಒಂದು ಭಾನುವಾರವನ್ನೇ ಇದಕ್ಕೆ ಕೊಟ್ಟಾಗ ಮಾತ್ರ ನಿಜವಾಗಿ ಬೇಸರವಾಯಿತು.

ಪೆಟ್ಟಿಗೆಯಲ್ಲಿ ಸ್ಲಿಪ್‌ಮ್ಯಾಟ್ ಇರುತ್ತದೆ, ಸೂಜಿಯನ್ನು ಹೊತ್ತ ಕಾರ್ಟ್ರಿಜ್ ಇರುವುದಿಲ್ಲ. ಮೊದಲ ಸಲ ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು, ಏಕೆಂದರೆ ಎರಡು ಯಂತ್ರಕ್ಕೆ ಎರಡು ಕಾರ್ಟ್ರಿಜ್, ಅವುಗಳ ಬದಲಿ ಸೂಜಿಗಳು, ಎರಡರ ಧ್ವನಿಯನ್ನು ಬೆರೆಸುವ ಒಂದು ಮಿಕ್ಸರ್, ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಆಡಿಯೋ ಇಂಟರ್‌ಫೇಸ್ ಇವೆಲ್ಲ ಸೇರಿದಾಗ ಖರ್ಚು ಯಂತ್ರದ ಬೆಲೆಗಿಂತ ಬಹಳ ಮುಂದೆ ಹೋಗಿರುತ್ತದೆ. ನಾನು ಆನ್‌ಲೈನಿನಲ್ಲಿ ತರಿಸಿದ ಎರಡು ಕಾರ್ಟ್ರಿಜ್‌ಗಳಲ್ಲಿ ಒಂದರ ಸೂಜಿಯ ಕಡ್ಡಿ ಬಾಗಿತ್ತು. ಮಾರಾಟಗಾರರು ಬಳಸಿದ ವಸ್ತುವನ್ನು ವಾಪಸು ಪಡೆಯುವುದಿಲ್ಲವೆಂದು ಮೂರು ವಾರ ವಾದಿಸಿ, ಪೆಟ್ಟಿಗೆ ತೆರೆಯುವಾಗ ತೆಗೆದ ವಿಡಿಯೋ ಕಳಿಸಿದ ಮೇಲೆ ಒಪ್ಪಿದರು. ಸೂಜಿಯಂಥ ನವಿರಾದ ವಸ್ತುವನ್ನು ತರಿಸುವವರು ಪೆಟ್ಟಿಗೆ ಒಡೆಯುವ ಮೊದಲೇ ಕ್ಯಾಮೆರಾ ಚಾಲೂ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು ಅರ್ಥಿಂಗ್‌ನದು. ಮೊದಲ ದಿನ ಎಲ್ಲವನ್ನೂ ಜೋಡಿಸಿ ಧ್ವನಿ ಏರಿಸಿದಾಗ ಹಾಡಿಗಿಂತ ಮೊದಲು ಕೇಳಿಸಿದ್ದು ದುಂಬಿ ಗುಂಯ್‌ಗುಟ್ಟಿದಂಥ ಒಂದೇ ಸಮನೆಯ ಸದ್ದು. ಎಂಕೆ7ರಲ್ಲಿ ಸಿಗ್ನಲ್ ತಂತಿಗಳನ್ನು ಬಿಚ್ಚಿ ಬದಲಿಸಬಹುದು, ಪಕ್ಕದಲ್ಲೇ ಅರ್ಥ್ ತಂತಿಗೆಂದು ತಿರುಪಿದೆ. ಆ ತಂತಿಯನ್ನು ಮಿಕ್ಸರಿನ ಅರ್ಥ್ ತಿರುಪಿಗೆ ಬಿಗಿಯಾಗಿ ಕಟ್ಟಿದಾಗ ಅರ್ಧ ಸದ್ದು ಹೋಯಿತು. ಉಳಿದರ್ಧಕ್ಕೆ ಕಾರಣ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೂರನೆಯ ತೂತಿಗೆ ತಂತಿಯೇ ಇಲ್ಲದಿದ್ದದ್ದು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅದನ್ನು ಸರಿಪಡಿಸಿದ ಮೇಲೆ ಸದ್ದು ಪೂರ್ತಿ ನಿಂತಿತು. ಯಂತ್ರವನ್ನು ದೂರುವ ಮೊದಲು ಮನೆಯ ಸಾಕೆಟ್ಟನ್ನು ಪರೀಕ್ಷಿಸಿಕೊಳ್ಳಿ ಎಂದು ಈ ಹವ್ಯಾಸಕ್ಕೆ ಬರುವ ಪ್ರತಿಯೊಬ್ಬರಿಗೂ ನಾನು ಹೇಳುತ್ತೇನೆ.

ಇನ್ನು ತಂತ್ರಾಂಶ. ಮಿಕ್ಸ್ (ಇಂಗ್ಲಿಷಿನಲ್ಲಿ ಹುಡುಕುವವರು ಕೊನೆಗೆ ಮೂರು ‘ಎಕ್ಸ್’ ಅಕ್ಷರ ಹಾಕಬೇಕು) ಶುರುವಾದದ್ದು 2000ದ ದಶಕದ ಆರಂಭದಲ್ಲಿ, ಡೆನ್ಮಾರ್ಕಿನ ಒಬ್ಬ ಸಂಶೋಧಕರ ಪಿಎಚ್‌ಡಿ ಕೆಲಸದ ಭಾಗವಾಗಿ. ಇವತ್ತು ಅದನ್ನು ಬೆಳೆಸುತ್ತಿರುವವರು ಬೇರೆಬೇರೆ ದೇಶಗಳ ಸ್ವಯಂಸೇವಕರು. ಮೂಲ ಸಂಕೇತ ಮುಕ್ತವಾಗಿದೆ, ಹಣ ಕೊಡಬೇಕಾಗಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ನನ್ನ ಎಂಟು ವರ್ಷ ಹಳೆಯ ಲ್ಯಾಪ್‌ಟಾಪಿನ ಲಿನಕ್ಸಿನಲ್ಲಿ ಅದು ಒಂದು ಸಲವೂ ನಡುವೆ ನಿಂತಿಲ್ಲ. ಟರ್ನ್‌ಟೇಬಲ್ ಬಳಸುವವರಿಗೆ ಇದರಲ್ಲಿ ಮುಖ್ಯವಾದದ್ದು ಟೈಮ್‌ಕೋಡ್ ತಟ್ಟೆಗಳನ್ನು ಓದುವ ಶಕ್ತಿ, ಬೇರೆ ಕೆಲವು ತಂತ್ರಾಂಶಗಳು ಇದೇ ಸೌಲಭ್ಯಕ್ಕೆ ಪ್ರತ್ಯೇಕ ಹಣ ಕೇಳುತ್ತವೆ.

ಟೈಮ್‌ಕೋಡ್ ತಟ್ಟೆಯೆಂದರೆ ನೋಡಲು ಮಾಮೂಲಿ ಹನ್ನೆರಡಿಂಚಿನ ತಟ್ಟೆಯೇ. ಅದರಲ್ಲಿ ಹಾಡು ಇರುವುದಿಲ್ಲ, ಬರೀ ‘ಕೀಂ’ ಎಂಬ ಒಂದು ಸ್ವರ ಇರುತ್ತದೆ. ನಾನು ಬಳಸುವ ಸೆರಾಟೊ ಕಂಪನಿಯ ತಟ್ಟೆಯಲ್ಲಿ ಆ ಸ್ವರ ಸೆಕೆಂಡಿಗೆ 1000 ಕಂಪನಗಳದ್ದು. ತಟ್ಟೆಯನ್ನು ಜೋರಾಗಿ ತಿರುಗಿಸಿದರೆ ಸ್ವರ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಅದರಿಂದ ತಂತ್ರಾಂಶಕ್ಕೆ ವೇಗ ತಿಳಿಯುತ್ತದೆ. ಎಡ ಮತ್ತು ಬಲ ಚಾನೆಲ್‌ಗಳ ಅಲೆಗಳು ಕಾಲು ಸುತ್ತಿನಷ್ಟು ಹಿಂದುಮುಂದಾಗಿ ಕೆತ್ತಲ್ಪಟ್ಟಿರುವುದರಿಂದ ಯಾವುದು ಮುಂದಿದೆ ಎಂದು ನೋಡಿ ತಿರುಗುವ ದಿಕ್ಕನ್ನು ಅದು ಹಿಡಿಯುತ್ತದೆ. ಅಲೆಗಳ ಎತ್ತರದಲ್ಲಿ ಅಡಗಿಸಿಟ್ಟ ಸಂಕೇತದಿಂದ ಸೂಜಿ ತಟ್ಟೆಯ ಯಾವ ಜಾಗದಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಈ ಮೂರು ಸಂಗತಿ ತಿಳಿದರೆ ಸಾಕು, ಕಂಪ್ಯೂಟರಿನಲ್ಲಿರುವ ಯಾವ ಹಾಡನ್ನಾದರೂ ನಮ್ಮ ಕೈಯ ಚಲನೆಗೆ ತಕ್ಕಂತೆ ಅದು ನುಡಿಸಬಲ್ಲದು. ಮಿಕ್ಸ್‌ನ ಸೆಟ್ಟಿಂಗಿನಲ್ಲಿ ಸಿಗ್ನಲ್ಲಿನ ಗುಣವನ್ನು ತೋರಿಸುವ ಒಂದು ಚಿತ್ರವಿದೆ. ಎರಡು ಚಾನೆಲ್‌ಗಳೂ ಸರಿಯಿದ್ದರೆ ಅದು ದುಂಡನೆಯ ಉಂಗುರವಾಗಿರುತ್ತದೆ. ನನ್ನ ಮೊದಲ ದಿನದ ಉಂಗುರ ಅಂಚೆಲ್ಲ ಮುಳ್ಳುಮುಳ್ಳಾಗಿ ನಡುಗುತ್ತಿತ್ತು, ಅರ್ಥ್ ತಂತಿ ಬಿಗಿಯಾದ ಹಾಗೆಲ್ಲ ಅದು ನಯವಾಗುತ್ತ ಹೋದದ್ದನ್ನು ಕಣ್ಣಾರೆ ಕಂಡೆ.

ಕೈ ಮತ್ತು ಧ್ವನಿಯ ನಡುವಿನ ತಡ ಎಷ್ಟೆಂಬುದು ಈ ವ್ಯವಸ್ಥೆಯ ಜೀವಾಳ. ಮಿಕ್ಸ್‌ನಲ್ಲಿ ಬಫರಿನ (ನುಡಿಸುವ ಮೊದಲು ಕೂಡಿಸಿಡುವ ಧ್ವನಿಯ ತುಣುಕಿನ) ಅಳತೆಯನ್ನು ಮಿಲಿಸೆಕೆಂಡಿನಲ್ಲಿ ಆರಿಸಿಕೊಳ್ಳಬಹುದು. 23 ಮಿಲಿಸೆಕೆಂಡಿನಲ್ಲಿ ಇಟ್ಟಾಗ ತಟ್ಟೆ ನನ್ನ ಕೈಗೆ ರಬ್ಬರಿನ ದಾರ ಕಟ್ಟಿದಂತೆ ಹಿಂದೆಹಿಂದೆ ಬರುತ್ತಿತ್ತು. 11.6ಕ್ಕೆ ಇಳಿಸಿದಾಗ ಹಾಡು ಕೂಡಿಸುವುದಕ್ಕೆ ತೊಂದರೆಯಿರಲಿಲ್ಲ, ತಟ್ಟೆಯನ್ನು ಉಜ್ಜುವ ಸ್ಕ್ರಾಚ್ ಅಭ್ಯಾಸಕ್ಕೆ ಮಾತ್ರ 5.8ಕ್ಕೇ ಬರಬೇಕಾಯಿತು. ಅಷ್ಟು ಕಡಿಮೆಯಲ್ಲಿಟ್ಟರೆ ವೈಫೈ ಆರಿಸಿ, ಬೇರೆ ಕಾರ್ಯಕ್ರಮಗಳನ್ನು ಮುಚ್ಚಿಡುವುದು ಕ್ಷೇಮ, ಇಲ್ಲವಾದರೆ ನಡುನಡುವೆ ಚಿಟಿಚಿಟಿ ಎನ್ನುತ್ತದೆ. ಇನ್ನೊಂದು ಮಾತು: ‘ಆಬ್ಸಲ್ಯೂಟ್’ ವಿಧದಲ್ಲಿ ಸೂಜಿಯನ್ನು ಎತ್ತಿ ಮುಂದಿಟ್ಟರೆ ಹಾಡೂ ಮುಂದೆ ಹೋಗುತ್ತದೆ, ನಿಜವಾದ ತಟ್ಟೆಯ ಹಾಗೆಯೇ. ‘ರಿಲೇಟಿವ್’ ವಿಧದಲ್ಲಿ ಸೂಜಿ ಹಾರಿದರೂ ಹಾಡು ಹಾರುವುದಿಲ್ಲ. ನಮ್ಮ ಮನೆಯ ಹಳೆಯ ನೆಲ ಯಾರಾದರೂ ಓಡಾಡಿದರೆ ಅದುರುತ್ತದೆಯಾದ್ದರಿಂದ ಕಲಿಯುವಾಗ ರಿಲೇಟಿವ್ ನನ್ನನ್ನು ಬಹಳ ಕಾಪಾಡಿತು.

ಈಗ ದೊಡ್ಡಪ್ಪನ ತಟ್ಟೆಗಳ ವಿಷಯ. ಮಲೆನಾಡಿನ ಮಳೆಗಾಲಗಳನ್ನು ಕಂಡ ಆ ತಟ್ಟೆಗಳಲ್ಲಿ ಬೂಷ್ಟು ಹಿಡಿದಿತ್ತು. ಬಟ್ಟಿ ಇಳಿಸಿದ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲೇ ಒರೆಸಿ, ನೆರಳಿನಲ್ಲಿ ಒಣಗಿಸಿ ಶುಚಿಮಾಡಿದೆ. ಹಾಡು ಕೇಳುವ ಸೂಜಿಗಳ ಭಾರ ಬಹುಮಟ್ಟಿಗೆ ಎರಡು ಗ್ರಾಮಿನ ಆಸುಪಾಸಿನಲ್ಲಿದ್ದರೆ, ಡಿಜೆ ಸೂಜಿಗಳದ್ದು ಸಾಮಾನ್ಯವಾಗಿ ಮೂರು ನಾಲ್ಕು ಗ್ರಾಂ. ಅಷ್ಟು ಭಾರದ ಸೂಜಿಯ ಕೆಳಗೆ ಹಾಡಿನ ಮೊದಲ ಎರಡು ಸೆಕೆಂಡುಗಳನ್ನು ಹಿಂದಕ್ಕೂ ಮುಂದಕ್ಕೂ ನೂರು ಸಲ ಎಳೆದಾಡಿದರೆ ಆ ಜಾಗದ ಗೆರೆ ಸವೆದು, ಅಲ್ಲಿ ಶಾಶ್ವತವಾಗಿ ‘ಸರ್’ ಎಂಬ ಸದ್ದು ನಿಲ್ಲುತ್ತದೆ. ಹೊಸದಾಗಿ ಅಚ್ಚಾಗುವ ತಟ್ಟೆಯಾದರೆ ಇನ್ನೊಂದು ಪ್ರತಿ ಕೊಳ್ಳಬಹುದು. 1970ರ ದಶಕದ ಕನ್ನಡದ ಏಳಿಂಚಿನ ತಟ್ಟೆ ಒಮ್ಮೆ ಹಾಳಾದರೆ ಅದೇ ಹಾಡಿನ ಇನ್ನೊಂದು ಒಳ್ಳೆಯ ಪ್ರತಿ ಅವೆನ್ಯೂ ರಸ್ತೆಯ ಸುತ್ತಮುತ್ತ ಎಷ್ಟು ಅಲೆದರೂ ಸಿಗುವ ಭರವಸೆಯಿಲ್ಲ. ಆದ್ದರಿಂದ ನಾನು ಪ್ರತಿ ತಟ್ಟೆಯನ್ನೂ ಕೇಳುವ ಸೂಜಿಯಲ್ಲಿ ಒಂದೇ ಸಲ ನುಡಿಸಿ, ಮಿಕ್ಸ್‌ನಲ್ಲಿಯೇ ಧ್ವನಿಮುದ್ರಿಸಿಕೊಂಡು, ತಟ್ಟೆಯನ್ನು ಹೊಸ ಲಕೋಟೆಯಲ್ಲಿಟ್ಟು ಟ್ರಂಕಿಗೆ ಹಿಂತಿರುಗಿಸುತ್ತೇನೆ. ಸಂಕುಚಿಸದೆ ಸಿಡಿಯ ಗುಣಮಟ್ಟದಲ್ಲಿ ಮುದ್ರಿಸಿದರೆ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಆಮೇಲಿನ ಎಳೆದಾಟವೆಲ್ಲ ಟೈಮ್‌ಕೋಡ್ ತಟ್ಟೆಯ ಮೇಲೆ. ಸವೆದರೆ ಅದು ಸವೆಯಲಿ, ಅಂಗಡಿಯಲ್ಲಿ ಸಿಗುತ್ತದೆ.

ಕಳೆದ ದೀಪಾವಳಿಗೆ ಬಂದಿದ್ದ ದೊಡ್ಡಪ್ಪ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರು ಕಾಲೇಜಿನ ದಿನಗಳಲ್ಲಿ ಕೊಂಡಿದ್ದ ಒಂದು ಹಾಡನ್ನು ಹಾಕಿ, ಪಲ್ಲವಿಯ ಎಡುಪು, ಎಂದರೆ ಅದು ಶುರುವಾಗುವ ಜಾಗ, ಹುಡುಕಲೆಂದು ತಟ್ಟೆಯನ್ನು ಹಿಂದಕ್ಕೆಳೆದೆ. ಅವರು ತಟ್ಟನೆ ನನ್ನ ಮಣಿಕಟ್ಟು ಹಿಡಿದು, “ಹಿಂದಕ್ಕೆ ತಿರುಗಿಸಬೇಡ ಕಣೋ, ಸವೆದುಹೋಗುತ್ತೆ” ಎಂದರು. “ಇಲ್ಲ ದೊಡ್ಡಪ್ಪ, ಇದು ನಿಮ್ಮ ತಟ್ಟೆ ಅಲ್ಲ, ನಿಮ್ಮದು ಟ್ರಂಕಿನಲ್ಲೇ ಇದೆ” ಎಂದು ಹೇಳಿ ಟ್ರಂಕು ತೆಗೆದು ತೋರಿಸಿದೆ. ಅವರು ತಮ್ಮ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿದರು, ನಡುವಿನ ಕಾಗದದ ಮೇಲೆ ತಾವೇ ಮಸಿಯಲ್ಲಿ ಬರೆದಿದ್ದ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಟರ್ನ್‌ಟೇಬಲ್ಲಿನ ಮುಂದೆ ನಿಂತು, ಟೈಮ್‌ಕೋಡ್ ತಟ್ಟೆಯನ್ನು ತಾವೇ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸಿ ಹಾಡಿನ ಮೊದಲ ಅಕ್ಷರವನ್ನು ನಾಲ್ಕೈದು ಸಲ ಕೇಳಿಸಿಕೊಂಡರು.

ಹಳೆಯ ಚಿತ್ರಗೀತೆಗಳ ಮಟ್ಟಿಗೆ ಮಿಕ್ಸ್‌ನ ಒಂದು ಸೌಲಭ್ಯವನ್ನು ನಾನು ಬಳಸುವುದನ್ನೇ ಬಿಟ್ಟಿದ್ದೇನೆ. ಅದು ಎರಡು ಹಾಡುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿ. ಇಂದಿನ ನೃತ್ಯಸಂಗೀತವನ್ನು ಕಂಪ್ಯೂಟರಿನ ಗಡಿಯಾರಕ್ಕೆ ಕಟ್ಟಿ ಮಾಡುವುದರಿಂದ ಮೊದಲಿಂದ ಕೊನೆಯವರೆಗೆ ಒಂದೇ ವೇಗವಿರುತ್ತದೆ. ಅಲ್ಲಿ ಸಿಂಕ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ತಬಲ, ಢೋಲಕ್, ಪಿಟೀಲುಗಳ ದೊಡ್ಡ ಮೇಳವೊಂದು ಒಟ್ಟಿಗೆ ಕುಳಿತು ನುಡಿಸಿದ ಹಾಡಿನಲ್ಲಿ ಮನುಷ್ಯರ ಉಸಿರು ಇರುತ್ತದೆ. ನಾನು ಎಣಿಸಿ ನೋಡಿದ ಒಂದು ಹಾಡಿನಲ್ಲಿ ಪಲ್ಲವಿ ನಿಮಿಷಕ್ಕೆ 104 ಬಡಿತಗಳಿದ್ದು, ಎರಡನೆಯ ಚರಣದ ಹೊತ್ತಿಗೆ 107ಕ್ಕೆ ಏರಿ, ಮುಕ್ತಾಯದಲ್ಲಿ ಮತ್ತೆ ಇಳಿಯುತ್ತದೆ. ‘ವೇಗ ಒಂದೇ ಸಮನಿದೆ’ ಎಂದು ತಿಳಿದು ತಂತ್ರಾಂಶ ಎಳೆದ ತಾಳದ ಗೆರೆಗಳು ಚರಣದ ಹೊತ್ತಿಗೆ ಹಾಡಿನಿಂದ ದೂರ ಸರಿದಿರುತ್ತವೆ. ಆ ಊಹೆಯನ್ನು ಸೆಟ್ಟಿಂಗಿನಲ್ಲಿ ತೆಗೆದರೆ ಗೆರೆಗಳು ಬಡಿತವನ್ನು ಹಿಂಬಾಲಿಸುತ್ತವೆಯಾದರೂ ಜೊತೆಯ ಹಾಡು ಅದಕ್ಕೆ ತಕ್ಕಂತೆ ಜಗ್ಗಿಜಗ್ಗಿ ಓಡುತ್ತದೆ. ಚಿಕ್ಕಂದಿನಲ್ಲಿ ನಾನು ಐದು ವರ್ಷ ಮೃದಂಗ ಕಲಿತಿದ್ದೆ. ಕಾಲಪ್ರಮಾಣ ಬಿಡಬಾರದು, ಆದರೆ ಹಾಡುವವರು ಉಸಿರೆಳೆದುಕೊಂಡಾಗ ನೀನೂ ಅವರ ಜೊತೆಗಿರಬೇಕು ಎಂದು ಗುರುಗಳು ಹೇಳುತ್ತಿದ್ದರು. ಎಂಕೆ7ರ ಅಂಚಿಗೆ ಬೆರಳು ಸೋಕಿಸಿ, ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು, ಚರಣ ಏರುತ್ತಿದ್ದಂತೆ ಜೊತೆಯ ಹಾಡನ್ನು ಕೂದಲೆಳೆಯಷ್ಟು ಮುಂದಕ್ಕೆ ನೂಕುವಾಗ ನಾನು ಮಾಡುತ್ತಿರುವುದು ಅದನ್ನೇ. ಈ ಕೆಲಸಕ್ಕೆ ಸಣ್ಣ ಪ್ಲಾಸ್ಟಿಕ್ ಚಕ್ರಗಳಿರುವ ಕಂಟ್ರೋಲರ್‌ಗಳನ್ನೂ ಬಳಸಿ ನೋಡಿದ್ದೇನೆ, ಕೈಗೆ ಇಷ್ಟು ಸ್ಪಷ್ಟವಾದ ಉತ್ತರ ಅವುಗಳಿಂದ ಬರಲಿಲ್ಲ.

ಶ್ರುತಿಯ ವಿಷಯದಲ್ಲಿ ಮಾತ್ರ ತಂತ್ರಾಂಶದ ಸಹಾಯ ಬೇಕೇಬೇಕು. ನಿಜವಾದ ತಟ್ಟೆಯ ವೇಗವನ್ನು ಶೇಕಡ 6ರಷ್ಟು ಏರಿಸಿದರೆ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಮನೆಯಷ್ಟು ಏರುತ್ತದೆ, ನಮಗೆ ಚಿರಪರಿಚಿತವಾದ ಗಾಯಕರ ಕಂಠ ಬೇರೆ ಯಾರದೋ ಆಗಿಬಿಡುತ್ತದೆ. ಮಿಕ್ಸ್‌ನ ಕೀಲಾಕ್ ಹಾಕಿದರೆ ವೇಗ ಬದಲಾದರೂ ಕಂಠ ತನ್ನ ಶ್ರುತಿಯಲ್ಲೇ ಉಳಿಯುತ್ತದೆ. ಶೇಕಡ ಮೂರು ನಾಲ್ಕರವರೆಗೆ ವ್ಯತ್ಯಾಸ ನನ್ನ ಕಿವಿಗೆ ತಿಳಿಯುವುದಿಲ್ಲ. ಅದಕ್ಕೂ ಮೀರಿದರೆ ತಬಲದ ಪೆಟ್ಟಿನ ಮೊನೆ ಮೊಂಡಾಗಿ ಕೇಳಿಸುತ್ತದೆ.

ಬೆಲೆಯ ಮಾತಿನಲ್ಲಿ ನಾನು ಸಂಕೋಚವಿಲ್ಲದೆ ಹೇಳಬೇಕು: ಜೋಡಿ ಎಂಕೆ7 ಹವ್ಯಾಸಿಯೊಬ್ಬರಿಗೆ ಭಾರವೇ. ನಾನು ಮೊದಲು ಒಂದನ್ನು ಕೊಂಡು, ಹತ್ತು ತಿಂಗಳು ಹಣ ಕೂಡಿಸಿ ಎರಡನೆಯದನ್ನು ಕೊಂಡೆ. ಆ ಹತ್ತು ತಿಂಗಳು ಒಂದು ಬದಿಗೆ ಟರ್ನ್‌ಟೇಬಲ್, ಇನ್ನೊಂದು ಬದಿಗೆ ಲ್ಯಾಪ್‌ಟಾಪಿನ ಕೀಲಿಮಣೆ ಇಟ್ಟುಕೊಂಡೇ ಕಲಿತೆ, ಕಲಿಕೆಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಹೊಸಬರಿಗೂ ನಾನು ಹೇಳುವುದು ಇದನ್ನೇ. ತಂತ್ರಾಂಶ ಉಚಿತವಾದ್ದರಿಂದ ಅದನ್ನು ಇವತ್ತೇ ಹಾಕಿಕೊಂಡು, ಹೆಡ್‌ಫೋನಿನಲ್ಲಿ ಎರಡು ಹಾಡುಗಳ ತಾಳವನ್ನು ಸಿಂಕ್ ಇಲ್ಲದೆ ಕೂಡಿಸಲು ಒಂದೆರಡು ತಿಂಗಳು ಯತ್ನಿಸಲಿ. ಆಮೇಲೂ ಕೈ ತಟ್ಟೆಯನ್ನು ಬಯಸಿದರೆ ಯಂತ್ರದ ಯೋಚನೆ ಮಾಡಲಿ. ಬರೀ ಹಾಡು ಕೇಳುವುದಷ್ಟೇ ಉದ್ದೇಶವಾಗಿದ್ದರೆ ಇದರ ಅಗತ್ಯವಿಲ್ಲ, ಬೆಲ್ಟಿನ ಒಳ್ಳೆಯ ಟರ್ನ್‌ಟೇಬಲ್ ಇದಕ್ಕಿಂತ ಕಡಿಮೆಗೆ ಸಿಗುತ್ತದೆ.

ಟ್ರಂಕಿನ ತಳದ 78ರ ತಟ್ಟೆಗಳು ಮಾತ್ರ ಇನ್ನೂ ಹಾಗೆಯೇ ಇವೆ. ಯಂತ್ರದಲ್ಲಿ ಆ ವೇಗವಿದೆ, ಆದರೆ ಅವುಗಳ ಗೆರೆ ಎಲ್‌ಪಿಯ ಗೆರೆಗಿಂತ ಬಹಳ ಅಗಲ. ಎಲ್‌ಪಿಯ ಸೂಜಿ ಗೆರೆಯ ತಳಕ್ಕಿಳಿದು ಧೂಳನ್ನೇ ಕೆರೆಯುತ್ತದೆ, ದಪ್ಪ ತುದಿಯ ಪ್ರತ್ಯೇಕ ಸೂಜಿ ಬೇಕು. ಅದನ್ನು ತರಿಸಿದ ದಿನ ದೊಡ್ಡಪ್ಪನಿಗೆ ಫೋನ್ ಮಾಡಿ, ಅವರು ಬಂದ ಮೇಲೆಯೇ ಮೊದಲ ತಟ್ಟೆಯ ಬಟ್ಟೆ ಬಿಚ್ಚುವುದೆಂದು ಮಾತಾಗಿದೆ.